‘ಔಟ್ ಫಾರ್ ಡೆಲಿವರಿ’ ಅಂದ್ರೆ ಪಾರ್ಸಲ್ ಮನೆಗೆ ಬಂತು ಅಂತಲ್ಲ!

ಸ್ನೇಹಿತರೇ, ಬೀಜ, ಲೂರ್, ಡ್ರಿಪ್ ಬಿಡಿಭಾಗ, ಸ್ಪ್ರೇಯರ್ ನಾಝಲ್ ಎಲ್ಲವನ್ನೂ ಈಗ ನಾವು ಫೋನಿನಲ್ಲೇ ತರಿಸ್ತೀವಿ. ಆದರೆ ತರಿಸಿದ್ದು ಎಲ್ಲಿದೆ, ಯಾವಾಗ ಬರುತ್ತೆ ಅಂತ ಸರಿಯಾಗಿ ಓದೋಕೆ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತೆ? ನನಗಂತೂ ಬರುತ್ತಿರಲಿಲ್ಲ. ಕಲಿತದ್ದು ನಷ್ಟ ಮಾಡಿಕೊಂಡ ಮೇಲೆ.

ಕಳೆದ ಮುಂಗಾರಿನಲ್ಲಿ ಹನೂರು ಕಡೆಯ ನಮ್ಮ ಎರಡು ಎಕರೆಗೆ ಮುಸುಕಿನ ಜೋಳ ಬಿತ್ತಿದೆ. ಅದೇ ಸಂಜೆ ಸೈನಿಕ ಹುಳುವಿಗೆಂದು ಹತ್ತು ಮೋಹಕ ಬಲೆಗಳನ್ನು ಲೂರ್ ಸಮೇತ ಆನ್‌ಲೈನ್‌ನಲ್ಲಿ ಬುಕ್ ಮಾಡಿದೆ. ಆ್ಯಪ್‌ನಲ್ಲಿ ಐದು ದಿನ ಅಂತ ತೋರಿಸಿತು. ಮೊಳಕೆ ಏಳುವ ಹೊತ್ತಿಗೆ ಬಲೆ ಕಟ್ಟಬಹುದು ಅಂತ ನನ್ನ ಲೆಕ್ಕ.

ಐದನೇ ದಿನ ‘ಔಟ್ ಫಾರ್ ಡೆಲಿವರಿ’ ಅಂತ ಬಂತು. ಗದ್ದೆಗೆ ಹೋಗದೆ ಮನೆಯಲ್ಲೇ ಕಾದೆ. ಆರನೇ ದಿನವೂ ಅದೇ. ಏಳನೇ ದಿನ ‘ಗ್ರಾಹಕರು ಸಿಗಲಿಲ್ಲ’ ಅಂತ! ನಾನು ಜಗಲಿ ಮೇಲೇ ಕೂತಿದ್ದೆ. ಇಂದು ಬರಬಹುದು, ನಾಳೆ ಬರಬಹುದು ಅಂತ ಇನ್ನೊಂದು ವಾರ ಸುಮ್ಮನೆ ಆ್ಯಪ್ ನೋಡುತ್ತಾ ಕಳೆದೆ. ಅದೇ ನನ್ನ ತಪ್ಪು. ಹದಿನಾರನೇ ದಿನ ಬೈಕ್ ಹತ್ತಿ ಕೊಳ್ಳೇಗಾಲಕ್ಕೆ ಹೋದೆ. ಡಬ್ಬ ಅಲ್ಲೇ ಮೂಲೆಯಲ್ಲಿತ್ತು. ‘ಫೋನ್ ಮಾಡ್ದೆ ಕಣಣ್ಣ, ನಾಟ್ ರೀಚಬಲ್ ಅಂತು’ ಅಂದ ಹುಡುಗ. ಅವನು ಹೇಳಿದ್ದೂ ಸುಳ್ಳಿರಲಾರದು, ನಮ್ಮೂರ ಸಿಗ್ನಲ್ ನಮಗೇ ಗೊತ್ತಲ್ಲ.

ಅಷ್ಟರಲ್ಲಿ ಸುಳಿಯಲ್ಲಿ ಹಿಕ್ಕೆ ಕಾಣಿಸಿತ್ತು. ಗಂಡು ಪತಂಗ ಬಿದ್ದಾಗ ಎಚ್ಚರಿಸುವುದು ಬಲೆಯ ಕೆಲಸ. ಮರಿಹುಳು ಸುಳಿ ಸೇರಿದ ಮೇಲೆ ಬಲೆ ಕಟ್ಟಿದರೆ ಆ ಹುಳು ಸಾಯುತ್ತಾ? ಔಷಧಿಗೂ ಕೂಲಿಗೂ ಮತ್ತೆ ದುಡ್ಡು ಹಾಕಬೇಕಾಯ್ತು.

ಟ್ರ್ಯಾಕಿಂಗ್ ಏನು ಹೇಳುತ್ತೆ?

ಒಂದು ಮಾತು ನೆನಪಿಡಿ. ಪಾರ್ಸಲ್ ಈಗ ಎಲ್ಲಿದೆ ಅಂತ ಟ್ರ್ಯಾಕಿಂಗ್ ಹೇಳಲ್ಲ, ಕೊನೆಯ ಸಲ ಎಲ್ಲಿ ಸ್ಕ್ಯಾನ್ ಆಯ್ತು ಅಂತಷ್ಟೇ ಹೇಳುತ್ತೆ. ಹಾಗಾಗಿ ಮೊದಲು ನೋಡಬೇಕಾದ್ದು ಕೊನೆಯ ಸಾಲಿನ ಊರು ಮತ್ತು ವೇಳೆ.

- ಬುಕ್ಡ್: ಕಳಿಸುವವರು ಕೊಟ್ಟಾಯ್ತು. ಕೆಲವು ಖಾಸಗಿ ಕೊರಿಯರ್‌ಗಳಲ್ಲಿ ಬರೀ ಲೇಬಲ್ ಆಗಿದ್ದರೂ ಸಂದೇಶ ಬರುತ್ತೆ. ಇಲ್ಲೇ ನಿಂತಿದ್ದರೆ ಕೇಳಬೇಕಾದ್ದು ಮಾರಿದವರನ್ನ.
- ಬ್ಯಾಗ್ಡ್, ಡಿಸ್ಪ್ಯಾಚ್ಡ್: ಚೀಲಕ್ಕೆ ಸೇರಿದೆ, ಹೊರಟಿದೆ. ಮುಂದಿನ ಕೇಂದ್ರದಲ್ಲಿ ಸ್ಕ್ಯಾನ್ ಆಗೋ ತನಕ ಸುದ್ದಿ ಇರಲ್ಲ. ಒಂದೆರಡು ದಿನ ಅಲುಗಾಡದಿದ್ದರೂ ಗಾಬರಿ ಬೇಡ.
- ರಿಸೀವ್ಡ್: ಆ ಕೇಂದ್ರ ಮುಟ್ಟಿದೆ. ಅದು ನಿಮ್ಮ ತಾಲ್ಲೂಕೇನಾ ನೋಡಿ.
- ಔಟ್ ಫಾರ್ ಡೆಲಿವರಿ: ಹಂಚುವವರ ಪಟ್ಟಿಗೆ ಸೇರಿದೆ. ಮನೆ ಬಾಗಿಲಿಗೆ ಬಂತು ಅಂತಲ್ಲ.
- ಡೋರ್ ಲಾಕ್ಡ್, ವಿಳಾಸ ಸಾಲದು, ಗ್ರಾಹಕರು ಸಿಗಲಿಲ್ಲ: ಇಲ್ಲಿ ಕಾಯಬಾರದು, ಅಂದೇ ವಿಚಾರಿಸಿ. ಅಂಚೆ ಕಚೇರಿಯಲ್ಲಿ ಸಾಮಾನ್ಯವಾಗಿ ಏಳು ದಿನ ಇಟ್ಟುಕೊಂಡು ವಾಪಸ್ ಕಳಿಸ್ತಾರೆ.

ಸ್ಪೀಡ್ ಪೋಸ್ಟ್ ಸಂಖ್ಯೆ ಒಟ್ಟು 13 ಅಕ್ಷರದ್ದು. ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ 9 ಅಂಕಿ, ಕೊನೆಗೆ ‘ಐಎನ್’. ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮ ಕಡೆ ತಡವಾಗೋದು ಯಾಕೆ?

ಮೊದಲನೆಯದು ಪಿನ್‌ಕೋಡ್. ಹನೂರು 571439, ಕೊಳ್ಳೇಗಾಲ 571440, ಯಳಂದೂರು 571441. ಬಿಳಿಗಿರಿರಂಗನ ಬೆಟ್ಟಕ್ಕೂ 571441. ಮೂರಕ್ಕೂ ಕೊನೆಯಲ್ಲಷ್ಟೇ ವ್ಯತ್ಯಾಸ. ಒಂದಂಕಿ ತಪ್ಪಿದರೆ ಡಬ್ಬ ಪಕ್ಕದ ತಾಲ್ಲೂಕು ಸುತ್ತಿ ಬರುತ್ತೆ.

ಎರಡನೆಯದು ದಾರಿ. ಬೆಟ್ಟಕ್ಕೆ ಯಳಂದೂರು ಕಡೆಯಿಂದ ಹೋಗಿ, ಚಾಮರಾಜನಗರದಿಂದ ಕೆ. ಗುಡಿ ಮೇಲೆ ಹೋಗಿ, ಎರಡೂ ಕಾಡಿನ ದಾರಿಯೇ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ, ರಾತ್ರಿ ಚೆಕ್‌ಪೋಸ್ಟ್ ದಾಟೋ ಹಾಗಿಲ್ಲ. ಮಧ್ಯಾಹ್ನದ ಮೇಲೆ ಯಳಂದೂರಿಗೆ ಬಂದ ಪಾರ್ಸಲ್ ಅಂದೇ ಬೆಟ್ಟ ಹತ್ತೋದು ಕಷ್ಟ. ಅಲ್ಲಿನ ಪೋಡಿನಲ್ಲಿರುವ ನನ್ನ ಸೋಲಿಗ ಗೆಳೆಯ ಇದಕ್ಕೇ ಯಳಂದೂರಿನ ಪರಿಚಯದ ಅಂಗಡಿ ವಿಳಾಸ ಕೊಡ್ತಾನೆ, ಪೇಟೆಗೆ ಇಳಿದಾಗ ತಗೊಂಡು ಹೋಗ್ತಾನೆ.

ಮೂರನೆಯದು ಹಬ್ಬ. ದೀಪಾವಳಿಗೆ ಎಲ್ಲೆಲ್ಲೂ ಪಾರ್ಸಲ್ ರಾಶಿ. ಅದೇ ಹೊತ್ತಿಗೆ ಮಾದಪ್ಪನ ಬೆಟ್ಟದ ಜಾತ್ರೆಗೆ ಕೊಳ್ಳೇಗಾಲ–ಹನೂರು ರಸ್ತೆ ತುಂಬಿಹೋಗುತ್ತೆ.

ತಡವಾದರೆ ಏನು ಮಾಡೋದು?

1. ಹೇಳಿದ ದಿನ ದಾಟಿದ ಮರುದಿನವೇ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ. ತಾರೀಕು, ವೇಳೆ ಕಾಣಬೇಕು.
2. ಕೊನೆಯ ಸ್ಕ್ಯಾನ್ ನಿಮ್ಮ ತಾಲ್ಲೂಕಿನದ್ದಾದರೆ ಗುರುತಿನ ಚೀಟಿ ಹಿಡಿದು ನೇರ ಅಲ್ಲಿಗೇ ಹೋಗಿ. ದೂರದ್ದಾದರೆ ಮಾರಿದವರಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದುಕೊಳ್ಳಿ. ಅಂಚೆಯದ್ದಾದರೆ ಉಚಿತ ಸಂಖ್ಯೆ 1800 266 6868.
3. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಸಿಗಬೇಕು. ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅಂತ ಮಾರಾಟಗಾರ ಹೇಳುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣ ಇದ್ದರೆ ಮಾತ್ರ ಬೇರೆ.
4. ಆಗಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು.

ಐದು ರೂಪಾಯಿ ಲಿಂಕ್ ಮುಟ್ಟಬೇಡಿ

ನಾನು ಕಾಯುತ್ತಿದ್ದ ದಿನಗಳಲ್ಲೇ ಒಂದು ಮೆಸೇಜ್ ಬಂತು: ‘ವಿಳಾಸ ಸರಿಯಿಲ್ಲ, 48 ಗಂಟೆಯೊಳಗೆ ಲಿಂಕ್ ಒತ್ತಿ, ಐದು ರೂಪಾಯಿ ಕಟ್ಟಿ’ ಅಂತ. ಕಾಯೋ ಮನಸ್ಸಿಗೆ ಅದು ನಿಜವೇ ಅನ್ನಿಸುತ್ತೆ. ಒತ್ತಬೇಡಿ. ಅಂಚೆ ಇಲಾಖೆ ಹೆಸರಿನ ಇಂಥ ಸಂದೇಶ ಸುಳ್ಳು ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಎಚ್ಚರಿಸಿದೆ. ಪಾರ್ಸಲ್ ಕಣ್ಣೆದುರು ಇಲ್ಲದೆ ಫೋನಿನಲ್ಲಿ ಓಟಿಪಿ ಹೇಳಬೇಡಿ. ದುಡ್ಡು ಹೋಯ್ತು ಅಂತ ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ, ತಡ ಮಾಡಿದಷ್ಟೂ ವಾಪಸ್ ಸಿಗೋದು ಕಷ್ಟ.

ಈ ವರ್ಷ ನಾನು ಮಾಡಿದ್ದು

ಬಿತ್ತನೆಗೆ ಮೂರು ವಾರ ಮುಂಚೆಯೇ ಬಲೆ ತರಿಸಿದೆ, ಲೂರ್ ಪ್ಯಾಕೆಟ್ ಒಡೆಯದೆ ತಂಪಾದ ಜಾಗದಲ್ಲಿಟ್ಟೆ. ವಿಳಾಸದಲ್ಲಿ ಊರಿನ ಗುರುತು, ಸಿಗ್ನಲ್ ಇರುವ ಅಂಗಡಿಯವರ ಎರಡನೇ ನಂಬರ್ ಬರೆದೆ. ಆರ್ಡರ್ ಮಾಡೋಕೆ ಮುಂಚೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿದೆ. ಡಬ್ಬ ಒಡೆಯುವಾಗ ವಿಡಿಯೊ ಮಾಡಿದೆ.

ಪಾರ್ಸಲ್ ಈ ಸಲವೂ ನಾಲ್ಕು ದಿನ ತಡವಾಗೇ ಬಂತು. ಆದರೆ ಜೋಳ ಮೊಳೆಯುವಾಗ ಬಲೆ ಹೊಲದಲ್ಲಿತ್ತು. ಕೊರಿಯರ್ ತಡವಾಯ್ತು ಅಂತ ಹುಳು ಕಾಯಲ್ಲ ಸ್ನೇಹಿತರೇ, ಲೆಕ್ಕ ನಾವೇ ಮುಂಚೆ ಹಾಕಬೇಕು.