ಗರಡಿಗೆ ಹೋಗುವ ಮಕ್ಕಳಿಗೆ ಮನೆಯ ಆರೈಕೆ

ನಿಮ್ಮ ಮಗನು ನಸುಕಿನಲ್ಲೆದ್ದು ಗರಡಿಮನೆಗೆ ಹೋಗುತ್ತಿದ್ದರೆ ಅದು ಸಂತೋಷದ ಸಂಗತಿ. ದಂಡ, ಬಸ್ಕಿಗಳಿಂದ ಮೈ ಗಟ್ಟಿಯಾಗುತ್ತದೆ. ನಡತೆಯಲ್ಲಿ ಶಿಸ್ತು ಬರುತ್ತದೆ. ಆದರೆ ಸಾಮು ಮಾಡುವಾಗ ದಣಿದ ಮಾಂಸಖಂಡಗಳು ಬಲಗೊಳ್ಳುವುದು ಅನಂತರ ದೊರೆಯುವ ನೀರು, ಆಹಾರ ಮತ್ತು ನಿದ್ರೆಗಳಿಂದ. ಗರಡಿಯಲ್ಲಿ ಉಸ್ತಾದರು ಇದ್ದಾರೆ. ಮನೆಯಲ್ಲಿ ಈ ಹೊಣೆ ತಂದೆತಾಯಿಗಳಾದ ನಿಮ್ಮಿಬ್ಬರದು.

ಒಮ್ಮೆ 15 ವರ್ಷದ ಬಾಲಕನೊಬ್ಬನನ್ನು ನಮ್ಮ ಆರೋಗ್ಯ ಕೇಂದ್ರಕ್ಕೆ ಹೊತ್ತು ತಂದರು. ಕಡಿಮೆ ತೂಕದ ವಿಭಾಗದಲ್ಲಿ ಸ್ಪರ್ಧಿಸುವ ಆಸೆಯಿಂದ ಅವನು ಎರಡು ದಿನ ನೀರು ಕುಡಿಯದೆ, ಕಂಬಳಿ ಹೊದ್ದು ಓಡಿ ಬೆವರಿಳಿಸಿದ್ದನು. ಸಕಾಲದಲ್ಲಿ ಚಿಕಿತ್ಸೆ ದೊರೆತುದರಿಂದ ಉಳಿದನು. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕವಿಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ಮೃತಪಟ್ಟರು. ಈ ರೀತಿ ಇಳಿಯುವುದು ಕೊಬ್ಬಲ್ಲ, ದೇಹಕ್ಕೆ ಬೇಕಾದ ನೀರು. ಆದ್ದರಿಂದ ಕೆಳಗಿನ ಅಂಶಗಳನ್ನು ಗಮನದಲ್ಲಿಡಿರಿ.

1. ನೀರು: ಸಾಮಿನಿಂದ ಒಂದು ಕಿಲೋ ತೂಕ ಇಳಿದಿದ್ದರೆ, ಮುಂದಿನ ಕೆಲವು ಗಂಟೆಗಳಲ್ಲಿ ಸುಮಾರು ಒಂದೂವರೆ ಲೀಟರು ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಉಪ್ಪು ಬೆರೆಸಿದ ಮಜ್ಜಿಗೆ ಬಹಳ ಒಳ್ಳೆಯದು. ಮೂತ್ರವು ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ.

2. ಆಹಾರ: 50 ಕಿಲೋ ತೂಕದ ಹುಡುಗನಿಗೆ ದಿನಕ್ಕೆ 60ರಿಂದ 80 ಗ್ರಾಂ ಸಸಾರಜನಕ ಸಾಕು. ಮುದ್ದೆ ಅಥವಾ ರೊಟ್ಟಿಯೊಡನೆ ಬೇಳೆ, ಮೊಳಕೆ ಕಾಳು, ಕಡಲೆಕಾಯಿ, ಹಾಲು, ಮೊಟ್ಟೆಗಳಿಂದಲೇ ಇದು ದೊರೆಯುತ್ತದೆ. ಬೆಲೆಬಾಳುವ ಡಬ್ಬಿಯ ಪುಡಿಗಳಿಗಾಗಿ ಸಾಲ ಮಾಡಬೇಕಾಗಿಲ್ಲ.

3. ನಿದ್ರೆ: 13ರಿಂದ 18 ವರ್ಷದವರಿಗೆ ರಾತ್ರಿ 8ರಿಂದ 10 ಗಂಟೆಗಳ ನಿದ್ರೆ ಬೇಕು. ನಸುಕಿನಲ್ಲಿ ಏಳುವವನು ಬೇಗನೆ ಮಲಗಲಿ. ವಾರಕ್ಕೊಂದು ದಿನ ಸಾಮಿಗೆ ಪೂರ್ಣ ಬಿಡುವಿರಲಿ.

4. ನೋವು: ಹೊಸ ಸಾಮಿನ ಮರುದಿನ ಮೈ ನೋಯುವುದು ಸಹಜ, ನಿಧಾನವಾದ ನಡಿಗೆ ಮತ್ತು ಮೃದುವಾಗಿ ಎಣ್ಣೆ ತಿಕ್ಕುವುದರಿಂದ ಹಿತವಾಗುತ್ತದೆ. ಆದರೆ ಕೀಲು ಊದಿಕೊಂಡಿದ್ದರೆ ತಿಕ್ಕಬಾರದು, ಎಳೆಯಲೂಬಾರದು. ತಣ್ಣೀರಿನ ಬಟ್ಟೆಯನ್ನು 15-20 ನಿಮಿಷ ಇಟ್ಟು, ವೈದ್ಯರಿಗೆ ತೋರಿಸಿರಿ.

5. ಶುಚಿತ್ವ: ಗರಡಿಯಿಂದ ಬಂದೊಡನೆ ಸೋಪು ಹಚ್ಚಿ ಸ್ನಾನ ಮಾಡಲಿ. ಲಂಗೋಟಿಯನ್ನು ದಿನವೂ ಒಗೆದು ಬಿಸಿಲಿಗೆ ಹಾಕಿರಿ. ಒಬ್ಬರದನ್ನು ಇನ್ನೊಬ್ಬರು ಉಟ್ಟರೆ ಹುಳುಕಡ್ಡಿ ಹರಡುತ್ತದೆ. 10 ಮತ್ತು 16ನೆಯ ವಯಸ್ಸಿನಲ್ಲಿ ಕೊಡುವ ಧನುರ್ವಾಯು ನಿರೋಧಕ ಚುಚ್ಚುಮದ್ದನ್ನು ತಪ್ಪಿಸಬೇಡಿರಿ.

ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಇಲ್ಲವೆ ತಲೆಗೆ ಪೆಟ್ಟುಬಿದ್ದು ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿರಿ. ಕುಸ್ತಿ ಕಲಿಯುವವಳು ಮಗಳಾದರೂ ಇವೇ ನಿಯಮಗಳು. ಅವಳ ತಟ್ಟೆಯಲ್ಲಿಯೂ ಅಷ್ಟೇ ಕಾಳು, ಅಷ್ಟೇ ಹಾಲು ಇರಲಿ. ಗೆಲ್ಲಲೆಂದು ಉಪವಾಸ ಕೆಡಹುವ ಮಗುವನ್ನು ತಡೆಯುವುದು ಅದರ ಉತ್ಸಾಹಕ್ಕೆ ಅಡ್ಡಿಯಲ್ಲ. ಅದರ ಪ್ರಾಣಕ್ಕೆ ಕಾವಲು.