ಹಬ್ಬ ಮುಗಿದ ಮೇಲಿನ ಕ್ಲಿಯರೆನ್ಸ್ ಸೇಲ್: ನಿಜವಾಗಿಯೂ ದುಡ್ಡು ಉಳಿಯುತ್ತದೆಯೇ?

ದೀಪಾವಳಿಯ ಪಟಾಕಿ ಸದ್ದು ಅಡಗಿ ಒಂದು ವಾರ ಕಳೆಯುವಷ್ಟರಲ್ಲಿ ಅಂಗಡಿಗಳ ಮುಂದೆ ಹೊಸ ಬ್ಯಾನರ್‌ಗಳು ಏಳುತ್ತವೆ. ‘ಸ್ಟಾಕ್ ಕ್ಲಿಯರೆನ್ಸ್’, ‘70% ವರೆಗೆ ರಿಯಾಯಿತಿ’, ‘ಕೊನೆಯ ಮೂರು ದಿನ ಮಾತ್ರ’. ಮೊಬೈಲ್ ತೆರೆದರೂ ಅದೇ. ಹಬ್ಬಕ್ಕೆ ಮುಂಚೆ ಪೂರ್ತಿ ಬೆಲೆ ಕೊಟ್ಟು ಸೀರೆ, ಶರ್ಟು ಕೊಂಡವರಿಗೆ ಹೊಟ್ಟೆ ಉರಿಯುತ್ತದೆ. ‘ಮುಂದಿನ ವರ್ಷದಿಂದ ಎಲ್ಲವನ್ನೂ ಹಬ್ಬ ಮುಗಿದ ಮೇಲೇ ಕೊಳ್ಳೋಣ, ಅರ್ಧಕ್ಕರ್ಧ ದುಡ್ಡು ಉಳಿಯುತ್ತೆ’ ಎಂಬ ಮಾತು ಅನೇಕ ಮನೆಗಳಲ್ಲಿ ಬರುತ್ತದೆ.

ಈ ಮಾತು ಎಷ್ಟು ನಿಜ? ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಯಾವಾಗ ಉಳಿಯುತ್ತದೆ, ಯಾವಾಗ ಕೈ ಸುಡುತ್ತದೆ ಎಂದು ನೋಡೋಣ.

ಅಂಗಡಿಯವರು ಬೆಲೆ ಇಳಿಸುವುದೇಕೆ?

ಮಾರಾಟವಾಗದೆ ಕಪಾಟಿನಲ್ಲಿ ಉಳಿದ ಸರಕು ಎಂದರೆ ವ್ಯಾಪಾರಿಯ ಸಿಕ್ಕಿಹಾಕಿಕೊಂಡ ಹಣ. ಅದು ಕೂತ ಜಾಗಕ್ಕೆ ಬಾಡಿಗೆ ಕೊಡಬೇಕು, ಸಾಲ ತಂದು ಕೊಂಡಿದ್ದರೆ ಬಡ್ಡಿ ಕಟ್ಟಬೇಕು. ಅಷ್ಟರಲ್ಲಿ ಫ್ಯಾಷನ್ ಬದಲಾಗುತ್ತದೆ. ಆಕಾಶಬುಟ್ಟಿ, ಹಣತೆ, ಗಿಫ್ಟ್ ಬಾಕ್ಸ್‌ಗಳನ್ನು ಹಬ್ಬ ಕಳೆದ ಮೇಲೆ ಕೇಳುವವರೇ ಇರುವುದಿಲ್ಲ. ಹಾಗಾಗಿ ಲಾಭ ಕಡಿಮೆಯಾದರೂ ಸರಿ, ಸರಕನ್ನು ಹಣವಾಗಿಸಿಕೊಳ್ಳುವುದು ಅವರಿಗೆ ಲಾಭದ ಕೆಲಸವೇ.

ನಮ್ಮ ಆಷಾಢ ಸೇಲ್ ಹಿಂದಿನ ಲೆಕ್ಕವೂ ಇಂಥದ್ದೇ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಮಾಡುವುದಿಲ್ಲ, ಹೊಸದನ್ನು ಕೊಳ್ಳಲು ಹಲವರು ಹಿಂದೇಟು ಹಾಕುತ್ತಾರೆ. ಮಳೆಯೂ ಸೇರಿ ವ್ಯಾಪಾರ ಬಿದ್ದುಹೋಗುತ್ತದೆ. ಶ್ರಾವಣದಲ್ಲಿ ಹಬ್ಬಗಳ ಸಾಲು ಶುರುವಾಗುವ ಮೊದಲು ಹಳೆಯ ಸರಕು ಖಾಲಿಯಾಗಬೇಕು. ತಮಿಳುನಾಡಿನ ‘ಆಡಿ ತಳ್ಳುಪಡಿ’ಯೂ ಇದೇ ಹೊತ್ತಿನ ಇದೇ ಬಗೆಯ ಮಾರಾಟ.

ಆದ್ದರಿಂದ ಕ್ಲಿಯರೆನ್ಸ್ ಸೇಲ್ ಎಂಬುದೇ ಮೋಸ ಎನ್ನುವಂತಿಲ್ಲ. ಬೆಲೆ ಇಳಿಸಲು ವ್ಯಾಪಾರಿಗೆ ನಿಜವಾದ ಕಾರಣವಿದೆ. ಎಷ್ಟು ಇಳಿದಿದೆ ಎಂದು ನಾವು ಅಳೆಯುವ ರೀತಿಯಲ್ಲಿ ತಪ್ಪಾಗುತ್ತದೆ.

ಎಂಆರ್‌ಪಿ ಎಂದರೆ ‘ಅಸಲಿ ಬೆಲೆ’ಯೇ?

ಅಲ್ಲ. ಎಂಆರ್‌ಪಿ ಎಂದರೆ ಗರಿಷ್ಠ ಮಾರಾಟ ಬೆಲೆ. ಪೊಟ್ಟಣದಲ್ಲಿ ಬರುವ ಸರಕನ್ನು ಇದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ ಎಂದು ಕಾನೂನು ಮಾಪನ ನಿಯಮಗಳು ಹೇಳುತ್ತವೆ. ಆದರೆ ಆ ಗರಿಷ್ಠ ಎಷ್ಟಿರಬೇಕು ಎಂದು ತೀರ್ಮಾನಿಸುವವರು ತಯಾರಕರೇ. ಕೆಲವು ಅಗತ್ಯ ಔಷಧಿಗಳಂಥ ಸರಕು ಬಿಟ್ಟರೆ ಸರ್ಕಾರ ಅದಕ್ಕೆ ಮಿತಿ ಹಾಕುವುದಿಲ್ಲ. 800 ರೂಪಾಯಿಗೆ ಮಾರಬಹುದಾದ ಚಪ್ಪಲಿಗೆ 1,999 ಎಂದು ಮುದ್ರಿಸಿ, ವರ್ಷಪೂರ್ತಿ ‘60% ರಿಯಾಯಿತಿ’ ಎಂದು 800ಕ್ಕೇ ಮಾರಿದರೆ ನಮಗೆ ಉಳಿದದ್ದೇನೂ ಇಲ್ಲ.

ಆದ್ದರಿಂದ ಹೋಲಿಸಬೇಕಾದದ್ದು ಎಂಆರ್‌ಪಿ ಜೊತೆಗಲ್ಲ. ಅದೇ ವಸ್ತು ಒಂದು ತಿಂಗಳ ಹಿಂದೆ ಎಷ್ಟಿತ್ತು, ಪಕ್ಕದ ಅಂಗಡಿಯಲ್ಲಿ ಎಷ್ಟಿದೆ ಎಂಬುದರ ಜೊತೆಗೆ.

ಮನಸ್ಸು ಮೋಸಹೋಗುವುದು ಹೇಗೆ?

ಹೊಡೆದುಹಾಕಿದ 1,999 ಸುಳ್ಳಿರಬಹುದು ಎಂದು ಗೊತ್ತಿದ್ದರೂ ಅದು ನಮ್ಮ ಮೇಲೆ ಪರಿಣಾಮ ಬೀರುತ್ತದೆ. ಮನಃಶಾಸ್ತ್ರಜ್ಞರಾದ ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1974ರಲ್ಲಿ ಇದನ್ನು ತೋರಿಸುವ ಒಂದು ಪ್ರಯೋಗವನ್ನು ಪ್ರಕಟಿಸಿದರು. ಜನರ ಮುಂದೆ ಒಂದು ಅದೃಷ್ಟಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳ ಪಾಲು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರ 10ರಲ್ಲಿ ನಿಂತಾಗ ಜನರ ಊಹೆಯ ಮಧ್ಯಮ ಮೌಲ್ಯ 25 ಇತ್ತು. 65ರಲ್ಲಿ ನಿಂತಾಗ ಅದು 45ಕ್ಕೆ ಏರಿತು. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇರಲಿಲ್ಲ. ಮೊದಲು ಕಂಡ ಸಂಖ್ಯೆ ಮನಸ್ಸಿಗೆ ಲಂಗರು ಹಾಕಿತ್ತು, ಅಷ್ಟೇ. ಬೆಲೆಚೀಟಿಯ ಮೇಲೆ ಹೊಡೆದುಹಾಕಿದ ದೊಡ್ಡ ಸಂಖ್ಯೆ ಮಾಡುವುದೂ ಇದೇ ಕೆಲಸವನ್ನು.

ಇನ್ನೊಂದು ಸಂಗತಿಯನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ವಿವರಿಸಿದರು. ವಸ್ತುವಿನಿಂದ ಸಿಗುವ ಉಪಯೋಗ ಒಂದು, ‘ಅಗ್ಗಕ್ಕೆ ಸಿಕ್ಕಿತು’ ಎನ್ನುವ ಖುಷಿ ಇನ್ನೊಂದು. ಎರಡನೆಯ ಖುಷಿಗಾಗಿಯೇ ನಾವು ಬೇಡದ ವಸ್ತುವನ್ನೂ ಕೊಳ್ಳುತ್ತೇವೆ. ಲೇಬಲ್ ಕೂಡ ಕೀಳದೆ ಬೀರುವಿನಲ್ಲಿ ಉಳಿದ ಬಟ್ಟೆಗಳು ಈ ಖುಷಿಯ ಗುರುತುಗಳು.

ಒಂದು ಸಣ್ಣ ಲೆಕ್ಕ

ನಿಮಗೆ ಬೇಕಾದ ವಸ್ತುಗಳ ಮಾಮೂಲಿ ಬೆಲೆ 4,000 ರೂಪಾಯಿ ಎಂದುಕೊಳ್ಳಿ. ಸೇಲ್‌ನಲ್ಲಿ 40% ಕಡಿತವಾಗಿ 2,400ಕ್ಕೆ ಸಿಕ್ಕರೆ 1,600 ಉಳಿಯಿತು. ಇದು ನಿಜವಾದ ಉಳಿತಾಯ. ಆದರೆ ‘ಇಷ್ಟು ಅಗ್ಗಕ್ಕೆ ಮತ್ತೆ ಸಿಗೋದಿಲ್ಲ’ ಎಂದು ಪಟ್ಟಿಯಲ್ಲಿಲ್ಲದ 2,000 ರೂಪಾಯಿಯ ಸಾಮಾನನ್ನೂ ಬುಟ್ಟಿಗೆ ಹಾಕಿದರೆ ಬಿಲ್ 4,400. ಪೂರ್ತಿ ಬೆಲೆಗೆ ಕೊಂಡಿದ್ದರೂ ಖರ್ಚಾಗುತ್ತಿದ್ದದ್ದು 4,000 ಮಾತ್ರ!

ಸೇಲ್‌ಗಳ ಗಣಿತವನ್ನೂ ನಿಧಾನವಾಗಿ ಓದಬೇಕು. ‘50% + 20%’ ಎಂದರೆ 70% ಅಲ್ಲ. 1,000 ರೂಪಾಯಿ ಮೊದಲು 500 ಆಗುತ್ತದೆ, ಆ 500ರ ಮೇಲೆ 20% ಕಳೆದು 400 ಆಗುತ್ತದೆ. ಅಂದರೆ ಒಟ್ಟು ಕಡಿತ 60%. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಸುಮಾರು 33%, ಅದೂ ಮೂರೂ ನಿಮಗೆ ಬೇಕಿದ್ದರೆ. ‘70% ವರೆಗೆ’ ಎಂಬಲ್ಲಿನ ‘ವರೆಗೆ’ ಎಂಬ ಸಣ್ಣ ಅಕ್ಷರದ ಪದವೇ ಮುಖ್ಯ. ಒಂದು ಮೂಲೆಯ ಕೆಲವೇ ವಸ್ತುಗಳಿಗೆ 70% ಇದ್ದರೂ ಆ ಬ್ಯಾನರ್ ಹಾಕಬಹುದು.

ಯಾವುದನ್ನು ಕೊಳ್ಳಬಹುದು? ಯಾವುದರಲ್ಲಿ ಎಚ್ಚರ?

ಕಾಲ ಕಳೆದರೂ ಕೆಡದ, ಮುಂದಿನ ವರ್ಷವೂ ಖಂಡಿತ ಬೇಕಾಗುವ ವಸ್ತುಗಳಿಗೆ ಕ್ಲಿಯರೆನ್ಸ್ ಸೇಲ್ ಒಳ್ಳೆಯದು. ಮಣ್ಣಿನ ಹಣತೆ, ಹಿತ್ತಾಳೆ ದೀಪ, ಸ್ಟೀಲ್ ಪಾತ್ರೆ, ಬೆಡ್‌ಶೀಟ್, ಟವೆಲ್, ಚಳಿಗಾಲದ ಕೊನೆಯಲ್ಲಿ ಸ್ವೆಟರ್ ಇಂಥವು. ಬೆಳೆಯುವ ಮಕ್ಕಳಿಗೆ ಮುಂದಿನ ವರ್ಷದ ಅಳತೆ ಊಹಿಸಿ ಬಟ್ಟೆ ಕೊಳ್ಳುವುದು ಮಾತ್ರ ಲಾಟರಿ ಇದ್ದಂತೆ.

ಸಿಹಿತಿಂಡಿ ಮತ್ತು ಡ್ರೈಫ್ರೂಟ್ಸ್: ಹಬ್ಬಕ್ಕೆ ಮಾಡಿ ಉಳಿದ ಖೋವಾ, ಹಾಲಿನ ಸಿಹಿಗಳು ಬೇಗ ಕೆಡುತ್ತವೆ. ಬಿಡಿಯಾಗಿ ಮಾರುವ ಸಿಹಿತಿಂಡಿಯ ಟ್ರೇ ಮೇಲೂ ‘ಬೆಸ್ಟ್ ಬಿಫೋರ್’ ದಿನಾಂಕ ಹಾಕಬೇಕೆಂದು ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ದಿನಾಂಕ ಕಾಣದಿದ್ದರೆ ಕೇಳಿ, ಹೇಳದಿದ್ದರೆ ಬಿಟ್ಟುಬಿಡಿ. ಗಿಫ್ಟ್ ಬಾಕ್ಸ್‌ನ ಬಾದಾಮಿ, ಗೋಡಂಬಿ, ಅಕ್ರೋಟುಗಳಲ್ಲಿ ಎಣ್ಣೆಯಂಶ ಹೆಚ್ಚು. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಮಟು ವಾಸನೆ ಬರುತ್ತದೆ.

ಶೂಗಳು: ಹಳೆಯ ಸ್ಟಾಕ್‌ನ ಶೂ ನೋಡಲು ಹೊಸದರಂತೆ ಇರುತ್ತದೆ, ಹಾಕಿಕೊಂಡ ಕೆಲವೇ ದಿನಗಳಲ್ಲಿ ಅಡಿಭಾಗ ಪುಡಿಪುಡಿಯಾಗಿ ಉದುರುತ್ತದೆ. ಪಾಲಿಯುರೆಥೇನ್ ಸೋಲ್ ಇರುವ ಶೂಗಳಲ್ಲಿ ಇದು ಆಗಬಹುದು. ಗಾಳಿಯ ತೇವಾಂಶ ಈ ಪ್ಲಾಸ್ಟಿಕ್‌ನ ಅಣುಸರಪಳಿಯನ್ನು ನಿಧಾನವಾಗಿ ಒಡೆಯುತ್ತದೆ. ಬಳಸದೆ ಡಬ್ಬಿಯಲ್ಲಿಟ್ಟರೂ ಈ ಕ್ರಿಯೆ ನಿಲ್ಲುವುದಿಲ್ಲ. ಕರಾವಳಿ, ಮಲೆನಾಡಿನಂಥ ತೇವದ ಕಡೆ ಇನ್ನೂ ಬೇಗ. ತಯಾರಾದ ತಿಂಗಳು, ವರ್ಷ ನೋಡಿಯೇ ಕೊಳ್ಳಿ.

ಎಸಿ, ಫ್ರಿಜ್: ಹಳೆಯ ಮಾಡೆಲ್‌ನ ನಕ್ಷತ್ರಗಳನ್ನು ಮಾತ್ರ ಎಣಿಸಬೇಡಿ, ಲೇಬಲ್‌ನ ಅವಧಿಯನ್ನೂ ಓದಿ. ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. 2022ರ ಜುಲೈನಲ್ಲಿ ಎಸಿಗಳ ಮಾನದಂಡ ಬದಲಾದಾಗ ಅಲ್ಲಿಯವರೆಗಿನ 5 ಸ್ಟಾರ್ ಎಸಿ 4 ಸ್ಟಾರ್‌ಗೆ ಇಳಿಯಿತು. ಕೊಳ್ಳುವಾಗ ಉಳಿದ ಹಣ ಕರೆಂಟ್ ಬಿಲ್‌ನಲ್ಲಿ ಹೋಗಬಾರದು. ಇನ್ವರ್ಟರ್‌ನ ಲೆಡ್-ಆಸಿಡ್ ಬ್ಯಾಟರಿ ಕೂಡ ಗೋದಾಮಿನಲ್ಲಿ ಚಾರ್ಜ್ ಕಳೆದುಕೊಂಡು ಸೊರಗುತ್ತದೆ.

ಪಟಾಕಿ: ಅಗ್ಗಕ್ಕೆ ಸಿಕ್ಕಿತೆಂದು ಮುಂದಿನ ವರ್ಷಕ್ಕೆ ಮನೆಯಲ್ಲಿ ಕೂಡಿಡುವುದು ಬೇಡವೇ ಬೇಡ. ಅದು ಉಳಿತಾಯವಲ್ಲ, ಅಪಾಯ.

‘ಸೇಲ್ ಮಾಲು ವಾಪಸ್ ಇಲ್ಲ’ ಎಂದರೆ?

ಈ ಬೋರ್ಡ್ ನೋಡಿ ಹಲವರು ಸುಮ್ಮನಾಗುತ್ತಾರೆ. ಬಣ್ಣ ಇಷ್ಟವಾಗಲಿಲ್ಲ, ಅಳತೆ ಸರಿಹೋಗಲಿಲ್ಲ ಎಂಬ ಕಾರಣಕ್ಕೆ ಅಂಗಡಿಯವರು ಒಪ್ಪದಿರಬಹುದು. ಆದರೆ ವಸ್ತುವಿನಲ್ಲೇ ದೋಷವಿದ್ದರೆ ಮಾತು ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ದೋಷವಿರುವ ಸರಕನ್ನು ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಹಾಗೆಯೇ. ಅದಕ್ಕೇ ಸೇಲ್‌ನಲ್ಲೂ ಬಿಲ್ ಕೇಳಿ ಪಡೆಯಿರಿ.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಎಂಆರ್‌ಪಿ ಮೇಲೆ ಇಂತಿಷ್ಟು ರಿಯಾಯಿತಿ ಎಂದು ಬ್ಯಾನರ್ ಹಾಕಿ, ಬಿಲ್ ಮಾಡುವಾಗ ಅದರ ಮೇಲೆ ಮತ್ತೆ ತೆರಿಗೆ ಸೇರಿಸಿದರೆ ಪ್ರಶ್ನಿಸಿ. ಆನ್‌ಲೈನ್‌ನಲ್ಲಿ ‘ಎರಡೇ ಉಳಿದಿದೆ, 10 ನಿಮಿಷ ಮಾತ್ರ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದ 13 ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ ಒಂದು. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಸಾಲ ಮಾಡಿ ಕೊಂಡರೆ?

ರಿಯಾಯಿತಿಯ ಲಾಭ ಕರಗುವ ಇನ್ನೊಂದು ದಾರಿ ಕ್ರೆಡಿಟ್ ಕಾರ್ಡ್. ಬಾಕಿಯನ್ನು ಪೂರ್ತಿ ಕಟ್ಟದೆ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಹೋದರೆ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ 3%ಕ್ಕೂ ಹೆಚ್ಚು. 20% ರಿಯಾಯಿತಿಯಲ್ಲಿ ಕೊಂಡದ್ದು ಏಳೆಂಟು ತಿಂಗಳು ಎಳೆದರೆ ಪೂರ್ತಿ ಬೆಲೆಗಿಂತ ದುಬಾರಿಯಾಗಬಹುದು. ‘ನೋ ಕಾಸ್ಟ್ ಇಎಂಐ’ ಎಂದಾಗಲೂ ಪ್ರೊಸೆಸಿಂಗ್ ಶುಲ್ಕ, ಜಿಎಸ್‌ಟಿ ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಕೂಡಿಸಿ ನೋಡಿ.

ಹಾಗಾದರೆ ನಾವು ಮಾಡಬೇಕಾದ್ದೇನು?

ಸೇಲ್ ಶುರುವಾಗುವ ಮುಂಚೆಯೇ ಮನೆಯವರೆಲ್ಲ ಕೂತು ಬೇಕಾದ್ದರ ಪಟ್ಟಿ ಮಾಡೋಣ. ಪ್ರತಿಯೊಂದರ ಎದುರು ಈಗಿನ ಮಾರುಕಟ್ಟೆ ಬೆಲೆ ಬರೆಯೋಣ. ಒಟ್ಟು ಇಷ್ಟೇ ಖರ್ಚು ಎಂದು ಮಿತಿ ಹಾಕೋಣ. ಪೊಟ್ಟಣಗಳ ಮೇಲೆ ಗ್ರಾಂ ಅಥವಾ ಮಿ.ಲೀ. ಲೆಕ್ಕದ ಬೆಲೆಯೂ ಮುದ್ರಿತವಾಗಿರುತ್ತದೆ, ಅದನ್ನು ಹೋಲಿಸೋಣ. ಪಟ್ಟಿಯಲ್ಲಿಲ್ಲದ್ದು ಮನಸೆಳೆದರೆ ಒಂದೇ ಪ್ರಶ್ನೆ ಸಾಕು: ‘ಇದಕ್ಕೆ ರಿಯಾಯಿತಿ ಇಲ್ಲದೆ ಇಷ್ಟೇ ಬೆಲೆ ಇದ್ದಿದ್ದರೆ ಕೊಳ್ಳುತ್ತಿದ್ದೆನೇ?’ ಉತ್ತರ ‘ಇಲ್ಲ’ ಎಂದಾದರೆ ಅಲ್ಲೇ ಬಿಟ್ಟುಬನ್ನಿ.

ಹಬ್ಬ ಮುಗಿದ ಮೇಲೆ ಕೊಂಡರೆ ದುಡ್ಡು ಉಳಿಯುತ್ತದೆ ಎಂಬುದು ಅರ್ಧ ಸತ್ಯ. ಹೇಗೂ ಕೊಳ್ಳಲೇಬೇಕಿದ್ದ, ಕೆಡದ ವಸ್ತುವನ್ನು ಕೈಯಲ್ಲಿರುವ ಹಣದಿಂದ ಕೊಂಡರೆ ಮಾತ್ರ ಅದು ಪೂರ್ತಿ ಸತ್ಯವಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು, ಹಾಸಿಗೆಗೇ 50% ರಿಯಾಯಿತಿ ಸಿಕ್ಕರೂ ಅದೇ ಮಾತನ್ನು ಹೇಳುತ್ತಿದ್ದರು.