ಪಾದ್ರಿ ಇಲ್ಲದ ಮದುವೆಗೆ ಸಾಕ್ಷಿ ಎಲ್ಲಿ?

1800ರ ಸುಮಾರಿನ ಸ್ಕಾಟ್ಲೆಂಡ್. ಮದುವೆಗೆ ಪಾದ್ರಿಯೂ ಬೇಕಿಲ್ಲ, ಚರ್ಚೂ ಬೇಕಿಲ್ಲ. 'ಇವಳು ನನ್ನ ಹೆಂಡತಿ', 'ಇವನು ನನ್ನ ಗಂಡ' ಅಂತ ಇಬ್ಬರೂ ಮನಸಾರೆ ಒಪ್ಪಿ ಹೇಳಿದರೆ ಸಾಕು, ಮದುವೆ ಆಯ್ತು! ಇಂಥದ್ದಕ್ಕೆ 'ಇರೆಗ್ಯುಲರ್ ಮ್ಯಾರೇಜ್' ಅಂತ ಹೆಸರು. ಕ್ರಮ ತಪ್ಪಿತ್ತು ನಿಜ, ಆದರೆ ಕಾನೂನು ಒಪ್ಪುತ್ತಿತ್ತು.

ಸರಿ, ಚರ್ಚಿನ ಮದುವೆ ರಿಜಿಸ್ಟರ್‌ನಲ್ಲಿ ಇಲ್ಲದ ಈ ಜೋಡಿಗಳನ್ನು ಇವತ್ತು ಎಲ್ಲಿ ಹುಡುಕೋದು?

ಬೈಸಿಕೊಂಡ ಕಡೆ! ಊರೂರಿನ ಚರ್ಚಿಗೂ 'ಕರ್ಕ್ ಸೆಷನ್' ಅನ್ನೋ ಹಿರಿಯರ ಸಭೆ ಇರ್ತಿತ್ತು. ಕದ್ದು ಮದುವೆಯಾದವರನ್ನು ಕರೆಸಿ, ಗದರಿಸಿ, ದಂಡ ಹಾಕಿ, ಆಮೇಲೆ ಗಂಡ ಹೆಂಡತಿ ಅಂತ ಒಪ್ಪಿಕೊಳ್ಳುತ್ತಿತ್ತು. ಎಷ್ಟೋ ಜೋಡಿ ಅಲ್ಲಿಗೆ ಬಂದದ್ದೇ ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ. ಎಲ್ಲಿ ಮದುವೆಯಾದರು, ಯಾರು ಮಾಡಿಸಿದರು, ಸಾಕ್ಷಿ ಯಾರು, ಇದೆಲ್ಲ ಸಭೆಯ ನಡಾವಳಿಯಲ್ಲಿ ಸಿಗಬಹುದು. ದಂಡದ ದುಡ್ಡು ಬಡವರ ನಿಧಿಗೆ ಹೋಗ್ತಿತ್ತು, ಹಾಗಾಗಿ ಲೆಕ್ಕದ ಪುಸ್ತಕವನ್ನೂ ಬಿಡಬೇಡಿ. ತಮಾಷೆ ನೋಡಿ, ಕ್ರಮವಾಗಿ ಮದುವೆಯಾದವರಿಗೆ ಒಂದೇ ಸಾಲು, ತಪ್ಪಿದವರಿಗೆ ಕೆಲವೊಮ್ಮೆ ಪುಟಗಟ್ಟಲೆ.

1855ರಿಂದ ಸರ್ಕಾರಿ ನೋಂದಣಿ ಶುರು. ಆಮೇಲಿನ ಪ್ರಮಾಣಪತ್ರದಲ್ಲಿ 'ಶೆರಿಫ್ ವಾರಂಟ್' ಅಂತ ಕಂಡರೆ ಗಾಬರಿ ಬೇಡ, ಯಾರನ್ನೂ ಬಂಧಿಸಿಲ್ಲ! ಸಾಕ್ಷಿಗಳ ಮುಂದೆ ಒಪ್ಪಿಕೊಂಡ ಮದುವೆಯನ್ನು ದಾಖಲಿಸಲು ಶೆರಿಫ್ ಕೊಟ್ಟ ಅನುಮತಿ ಅದು. 1940ರಲ್ಲಿ ಹೀಗೆ ಬರೀ ಮಾತಿನಿಂದ ಆಗುವ ಮದುವೆಗೆ ತೆರೆ ಬಿತ್ತು.

ಹುಡುಕೋರು ಮೊದಲ ಮಗುವಿನ ದೀಕ್ಷಾಸ್ನಾನದ ತಾರೀಕು ಹಿಡಿದು, ಅದೇ ಊರಿನ ನಡಾವಳಿಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿ.